ಏಳು ಮತದ ಗೆಲುವು

ಆ ಬೀದಿಯಲ್ಲಿ ಯಾರ ಮನೆಯ ಹೊಲಿಗೆ ಯಂತ್ರ ಕೆಟ್ಟರೂ ಮೊದಲು ಕೇಳಿಬರುತ್ತಿದ್ದ ಮಾತು ಒಂದೇ: "ಮಿಷನ್ ಮೇಸ್ತ್ರಿಗೆ ತೋರಿಸಿದ್ರಾ?" ಮೇಸ್ತ್ರಿಯ ಅಂಗಡಿ ಎಂದರೆ ಬಸ್ಸು ನಿಲ್ಲುವ ಮೂಲೆಯಿಂದ ಮೂರನೆಯ ಬಾಗಿಲು, ಎಂಟು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲದ ಒಂದೇ ಕೋಣೆ. ಎರಡೂ ಗೋಡೆಗೆ ಹಲಗೆ ಹೊಡೆದು, ಅದರ ತುಂಬ ಬಿಸ್ಕತ್ತಿನ ಹಳೆಯ ಡಬ್ಬಿಗಳನ್ನು ಜೋಡಿಸಿದ್ದರು. ಸ್ಪ್ರಿಂಗು ಒಂದರಲ್ಲಿ, ತಿರುಪು ಒಂದರಲ್ಲಿ, ಬಾಬಿನ್ನು ಒಂದರಲ್ಲಿ. ಯಾವ ಡಬ್ಬಿಯ ಮೇಲೂ ಚೀಟಿಯಿಲ್ಲ. ಕಣ್ಣು ಮುಚ್ಚಿ ಕೈಚಾಚಿದರೂ ಬೇಕಾದ್ದೇ ಸಿಗುತ್ತಿತ್ತು. ಗಿರಾಕಿ ಯಂತ್ರ ತಂದಿಟ್ಟರೆ ಬಿಚ್ಚುವುದಕ್ಕೆ ಮೊದಲು "ಸ್ವಲ್ಪ ತುಳೀರಿ" ಎನ್ನುತ್ತಿದ್ದರು. ತಲೆ ಒಂದು ಕಡೆ ವಾಲಿಸಿ ಆ ಸದ್ದನ್ನು ಕೇಳಿ, "ಶಟಲ್ ಸವೆದಿದೆ, ನಾಳೆ ಸಂಜೆ ಬನ್ನಿ" ಎಂದುಬಿಡುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ "ಇದಾಗಲ್ಲ, ಹೊಸದು ತಗೊಳ್ಳಿ" ಎಂದು ಅವರು ಹೇಳಿದ್ದು ನಾಲ್ಕೈದು ಜನಕ್ಕೆ ಮಾತ್ರ. ಅದನ್ನೂ ಸಾವಿನ ಸುದ್ದಿ ತಿಳಿಸುವವರ ಹಾಗೆ ಮೆಲುದನಿಯಲ್ಲಿ ಹೇಳಿದ್ದರು.

ಇಂಥ ಮನುಷ್ಯ ಐವತ್ತಾರನೆಯ ವಯಸ್ಸಿನಲ್ಲಿ ರಾಜ್ಯದ ಶಾಸನಸಭೆಗೆ ನಿಂತದ್ದಕ್ಕೆ ಒಂದು ನೋಟೀಸು ಮತ್ತು ಒಂದು ಕಾರಂಜಿ ಕಾರಣ.

ಸರ್ಕಾರ ಆ ವರ್ಷ ಹೊಸದಾಗಿ ಕಸುಬು ಕರ ಹಾಕಿತ್ತು. ಬಾಗಿಲ ಮೇಲೆ ಬೋರ್ಡು ಇರುವ ಪ್ರತಿ ಅಂಗಡಿಯೂ ಒಂದೇ ಮೊತ್ತ ಕಟ್ಟಬೇಕು. ನಾಲ್ಕು ಮಹಡಿಯ ಬಟ್ಟೆ ಮಳಿಗೆಗೂ ಅಷ್ಟೇ, ಎಂಟು ಹೆಜ್ಜೆಯ ರಿಪೇರಿ ಅಂಗಡಿಗೂ ಅಷ್ಟೇ. ನೋಟೀಸು ಮೇಸ್ತ್ರಿಗೂ ಬಂತು. ಅವರಿಗೆ ಅದು ಒಂದೂವರೆ ತಿಂಗಳ ದುಡಿಮೆ. ಗೊಣಗಿಕೊಂಡೇ ಕಟ್ಟಿದರು. ಕಟ್ಟಿದ ಮಾರನೆಯ ವಾರ ಬೀದಿಯ ತುದಿಯ ವೃತ್ತದಲ್ಲಿ ಬಣ್ಣದ ಕಾರಂಜಿಯ ಉದ್ಘಾಟನೆಯಾಯಿತು. ಹಾಡು ಹಾಕಿದರೆ ನೀರು ಕುಣಿಯುತ್ತಿತ್ತು. ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದರು. ಅಲ್ಲಿಂದ ಕೂಗಳತೆಯ ದೂರದಲ್ಲಿ ಸರ್ಕಾರಿ ಶಾಲೆ. ಮೇಸ್ತ್ರಿಯ ಹೆಂಡತಿ ಅಲ್ಲಿ ಟೀಚರು. ಅವರ ಮೂರನೆಯ ತರಗತಿಯ ಸೂರು ಸೋರುತ್ತಿದ್ದುದರಿಂದ ಮಳೆ ಬಂದ ದಿನ ಮಕ್ಕಳೆಲ್ಲ ಎಡಗೋಡೆಗೆ ಅಂಟಿಕೊಂಡು ಕೂರುತ್ತಿದ್ದರು.

ಮೇಸ್ತ್ರಿ ಕರದ ಕಚೇರಿಗೆ ಹೋಗಿ ಸರತಿಯಲ್ಲಿ ನಿಂತು ಕೇಳಿದರು: "ಸ್ವಾಮಿ, ಕಟ್ಟಬೇಕಾದ್ದು ಕಟ್ಟಿದೀನಿ. ಆದ್ರೆ ಈ ಕರ ಹಾಕಿದೋರನ್ನ ಒಂದು ಮಾತು ಕೇಳ್ಬೇಕಿತ್ತು."

ಗುಮಾಸ್ತ ನಕ್ಕ. "ಹಾಕಿದೋರು ಇಲ್ಲಿಲ್ಲ ಮೇಸ್ತ್ರಿ, ಶಾಸನಸಭೇಲಿದಾರೆ. ಅಲ್ಲಿ ಕೇಳ್ಬೇಕು ಅಂದ್ರೆ ಟೋಕನ್ ಸಾಲದು, ವೋಟು ಬೇಕು."

ಅವನು ತಮಾಷೆಗೆ ಹೇಳಿದ್ದು. ಮೇಸ್ತ್ರಿ ಅದನ್ನು ದಾರಿಯುದ್ದಕ್ಕೂ ಮೆಲುಕು ಹಾಕುತ್ತ ಬಂದರು. ಮನೆಯಲ್ಲಿ ಹೆಂಡತಿ ಶಾಲೆಯ ಮಕ್ಕಳ ನೋಟ್‌ಬುಕ್ಕು ತಿದ್ದುತ್ತ ಕೂತಿದ್ದರು.

"ನಾನು ನಿಲ್ತೀನಿ," ಎಂದರು ಮೇಸ್ತ್ರಿ.

"ಎಲ್ಲಿ? ಮತ್ತೆ ಕ್ಯೂನಲ್ಲಾ?"

"ಚುನಾವಣೆಗೆ."

ಕೆಂಪು ಪೆನ್ನು ನಿಂತಿತು. ಹೆಂಡತಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಯಾರ ಮೇಲೆ ಸಿಟ್ಟು?"

"ಸಿಟ್ಟಲ್ಲ ಟೀಚರಮ್ಮ. ಇರೋದನ್ನ ಸರಿಮಾಡದೆ ಹೊಸದಕ್ಕೆ ಕೈಹಾಕೋದು ದುಂದು. ಆ ದುಂದಿಗೆ ಅಂತ ನನ್ನಂಥೋನ ಜೇಬಿಗೆ ಕೈಹಾಕೋದು ಅನ್ಯಾಯ. ಇದನ್ನ ಯಾರಾದ್ರೂ ಅಲ್ಲಿ ಹೋಗಿ ಹೇಳ್ಬೇಕಲ್ಲ?"

"ಕರ ಇಳಿಸಿ ಅಂತ ಹೊರಟಿದೀರಿ. ನನ್ನ ಸಂಬಳ ಎಲ್ಲಿಂದ ಬರುತ್ತೆ ಗೊತ್ತಾ? ನೀವು ತಿನ್ನೋ ಎರಡು ಹೊತ್ತಿನ ಊಟದಲ್ಲಿ ಒಂದು ಹೊತ್ತು ಕರದ್ದೇ ಕಣ್ರೀ."

"ನಾನೂ ಅದನ್ನೇ ಹೇಳ್ತಿರೋದು. ನಿನ್ನ ಶಾಲೆಯ ಸೂರಿಗೆ ಬರಬೇಕಾದ್ದು ಅಲ್ಲಿ ನೀರಿನ ಜೊತೆ ಕುಣೀತಾ ಇದೆ. ಮೊದಲು ಸೂರು, ಉಳಿದ್ರೆ ಕಾರಂಜಿ."

"ಉಳೀದೇ ಇದ್ರೆ?"

"ಕಾರಂಜಿ ಬೇಡ."

"ಕರ ಇಳಿಸಿ ಇಳಿಸಿ, ಕೊನೆಗೆ ಸೂರಿಗೂ ಉಳೀದೇ ಇದ್ರೆ?"

"ಅದನ್ನ ಯೋಚನೆ ಮಾಡ್ಬೇಕು."

"ಮಾಡಿ. ಜನ ಕೇಳೋಕೆ ಮೊದಲೇ ಮಾಡಿ," ಎಂದು ಹೆಂಡತಿ ಮತ್ತೆ ನೋಟ್‌ಬುಕ್ಕಿಗೆ ಬಗ್ಗಿದರು.

ಕರ ಇಳಿಸಬೇಕು, ಸರ್ಕಾರದ ಖರ್ಚಿಗೆ ಕಡಿವಾಣ ಹಾಕಬೇಕು ಎನ್ನುವ ಹಳೆಯ ಸಂಪ್ರದಾಯವಾದಿ ಪಕ್ಷವೊಂದಿತ್ತು. ಆ ಕ್ಷೇತ್ರದಲ್ಲಿ ಅದು ಸತತವಾಗಿ ನಾಲ್ಕು ಸಲ ಮಣ್ಣು ಮುಕ್ಕಿದ್ದರಿಂದ ಟಿಕೆಟ್ಟಿಗೆ ನೂಕುನುಗ್ಗಲೇನೂ ಇರಲಿಲ್ಲ. ಪಕ್ಷದ ಕಾರ್ಯದರ್ಶಿ ಬಿಳಿ ಅಂಗಿಯ, ಸದಾ ಅವಸರದ ಮನುಷ್ಯ. ಮೇಸ್ತ್ರಿಯ ಮಾತನ್ನು ಹತ್ತು ನಿಮಿಷ ಕೇಳಿ, "ಸೋತ್ರೂ ಬೇಜಾರಿಲ್ಲ ತಾನೇ?" ಎಂದ.

"ಸೋಲೋಕೆ ಅಂತ ಯಾರಾದ್ರೂ ಅಂಗಡಿ ಬಾಗಿಲು ಹಾಕಿ ಬರ್ತಾರಾ?" ಎಂದರು ಮೇಸ್ತ್ರಿ.

ಅವರ ಭಾಷಣ ಮೂರು ಮಾತಿನದು. ಚಿಕ್ಕ ಅಂಗಡಿಗೂ ದೊಡ್ಡ ಮಳಿಗೆಗೂ ಒಂದೇ ಕರ ಹಾಕುವುದು ನಿಲ್ಲಬೇಕು. ಇರುವ ಶಾಲೆ, ಇರುವ ಆಸ್ಪತ್ರೆ, ಇರುವ ರಸ್ತೆ ಸರಿಯಾಗುವ ತನಕ ಸರ್ಕಾರ ಹೊಸ ಕಟ್ಟಡಕ್ಕೆ ಕಲ್ಲು ಹಾಕಬಾರದು. ಮೂರನೆಯದು ಚುನಾವಣೆಯದು: ಮತದಾರರ ಪಟ್ಟಿಯಲ್ಲಿ ಬದುಕಿರುವವರು, ಅದೇ ಊರಲ್ಲಿರುವವರು ಮಾತ್ರ ಇರಬೇಕು.

ಮೂರನೆಯ ಮಾತು ಹುಟ್ಟಿದ್ದು ಮನೆಮನೆ ಸುತ್ತುವಾಗ. ಪಟ್ಟಿ ಹಿಡಿದುಕೊಂಡು ಹೋದರೆ, ಒಂಬತ್ತು ವರ್ಷದ ಹಿಂದೆ ತೀರಿಹೋದ ಕಮ್ಮಾರನ ಹೆಸರು ಹಾಗೇ ಇತ್ತು. ಕೆಡವಿ ಬಯಲು ಮಾಡಿದ ಒಂದು ಮನೆಯ ಲೆಕ್ಕದಲ್ಲಿ ಹದಿನಾಲ್ಕು ಮತದಾರರಿದ್ದರು. "ಇಷ್ಟು ಜನ ಇದ್ರೆ ಆ ಮನೆ ಬೀಳ್ತಲೇ ಇರ್ಲಿಲ್ಲ" ಎಂದರು ಮೇಸ್ತ್ರಿ. ಮುನ್ನೂರಹನ್ನೆರಡು ಹೆಸರು ಪಟ್ಟಿಮಾಡಿ ಚುನಾವಣಾ ಕಚೇರಿಗೆ ಕೊಟ್ಟರು. ದಿನಾಂಕ ಘೋಷಣೆಯಾದ ಮೇಲೆ ಪಟ್ಟಿ ಮುಟ್ಟುವ ಹಾಗಿಲ್ಲ ಎಂದರು ಅಲ್ಲಿಯವರು.

ಹೆಂಡತಿಯ ತಮ್ಮ ನಾಲ್ಕು ವರ್ಷದ ಹಿಂದೆ ಬಸ್ ಡಿಪೋದ ಕೆಲಸ ಬಿಟ್ಟು ಪಕ್ಕದ ರಾಜ್ಯದ ದೊಡ್ಡ ಗ್ಯಾರೇಜಿಗೆ ಸೇರಿದ್ದ. ಅವನ ಜೊತೆ ಡಿಪೋದ ಹತ್ತು ಜನವೂ ಹೋಗಿದ್ದರು. ಮೇಸ್ತ್ರಿ ಅವನಿಗೆ ಫೋನು ಮಾಡಿ, "ನಿನ್ನ ಹೆಸರು ಇಲ್ಲಿಂದ ತೆಗೆಸಿದೀಯೇನಪ್ಪಾ?" ಎಂದು ಕೇಳಿದ್ದರು. "ಅದೆಲ್ಲ ಆಗಿದೆ ಬಿಡಿ ಭಾವ" ಎಂದಿದ್ದ. ಮನೆಯವನ ಮಾತು, ಮೇಸ್ತ್ರಿ ಮತ್ತೆ ನೋಡಲು ಹೋಗಲಿಲ್ಲ.

ಸಭೆಗಳಲ್ಲಿ ಕಷ್ಟದ ಪ್ರಶ್ನೆಗಳು ಬಂದವು. ಗಾರ್ಮೆಂಟ್ ಕಾರ್ಖಾನೆಯ ಊಟದ ಕೋಣೆಯಲ್ಲಿ ನಡೆದ ಸಭೆಯಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ಕುತ್ತಿಗೆಗೆ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

"ಮೇಸ್ತ್ರಿ, ಸರ್ಕಾರ ನಮಗೆ ಬಸ್ ಪಾಸ್ ಕೊಟ್ಟಿದೆ. ನೀವು ಬಂದ್ರೆ ಕಿತ್ಕೊಳ್ತೀರಂತೆ, ಹೌದಾ?"

ಪಕ್ಕದಲ್ಲಿದ್ದ ಕಾರ್ಯದರ್ಶಿ ಮೊಣಕೈಯಿಂದ ತಿವಿದ. ಇಲ್ಲ ಅಂದುಬಿಡಿ ಎಂಬ ಸೂಚನೆ.

"ಕಿತ್ಕೊಳ್ಳಲ್ಲಮ್ಮ. ಅದು ಕೆಲಸಕ್ಕೆ ಹೋಗೋರಿಗೆ ಕೊಟ್ಟಿದ್ದು, ದುಂದಲ್ಲ," ಎಂದರು ಮೇಸ್ತ್ರಿ. "ಆದ್ರೆ ಎದುರು ಪಕ್ಷದೋರು ಮನೆಗೊಂದು ಟೀವಿ ಕೊಡ್ತೀವಿ ಅಂದಿದಾರಲ್ಲ, ಅದನ್ನ ನಾನು ಕೊಡಲ್ಲ. ಕೊಡ್ತೀನಿ ಅಂತ ಸುಳ್ಳೂ ಹೇಳಲ್ಲ. ದುಡ್ಡು ಎಲ್ಲಿಂದ ಬರುತ್ತೆ ಅಂತ ತೋರಿಸಲಾಗದ ಯಾವುದನ್ನೂ ನಾನು ಒಪ್ಪಲ್ಲ."

ಕೋಣೆಯ ಹಿಂದಿನ ಸಾಲುಗಳು ಅರ್ಧ ಖಾಲಿಯಾದವು. ಆ ಹೆಂಗಸು ಮಾತ್ರ ಹೋಗಲಿಲ್ಲ. ಹೊರಗೆ ಬಂದ ಮೇಲೆ ಕಾರ್ಯದರ್ಶಿ ತಲೆ ಚಚ್ಚಿಕೊಂಡ. "ಒಂದು ಟೀವಿಗೆ ಇನ್ನೂರು ವೋಟು ಕಳೆದ್ರಲ್ಲ!"

"ಆ ವೋಟು ನನ್ನದಾಗಿರ್ಲಿಲ್ಲ, ಟೀವಿದಾಗಿತ್ತು," ಎಂದರು ಮೇಸ್ತ್ರಿ.

ಎದುರಾಳಿ ಊರಿಗೆಲ್ಲ ಬೇಕಾದ ಡಾಕ್ಟರಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದವರು. ಕ್ಷೇತ್ರದ ಅರ್ಧ ಮತದಾರರನ್ನು ಹುಟ್ಟಿದ ದಿನವೇ ಕಂಡವರು. ಆಸ್ಪತ್ರೆ ದೊಡ್ಡದಾಗಬೇಕು, ಅದಕ್ಕೆ ಕರ ಬೇಕೇ ಬೇಕು ಎನ್ನುವುದು ಅವರ ವಾದ. ಮೇಸ್ತ್ರಿಗೆ ಅವರ ಮೇಲೆ ಗೌರವವಿತ್ತು. ಅವರ ಮನೆಯ ಹೊಲಿಗೆ ಯಂತ್ರವನ್ನು ಎರಡು ಸಲ ಇವರೇ ಸರಿಮಾಡಿಕೊಟ್ಟಿದ್ದರು.

ಎಣಿಕೆಯ ದಿನ ಬೆಳಗಿನಿಂದ ಹಾವು ಏಣಿ ಆಟ. ಒಂದು ಸುತ್ತಿಗೆ ಮೇಲೆ, ಇನ್ನೊಂದು ಸುತ್ತಿಗೆ ಕೆಳಗೆ. ಮಧ್ಯಾಹ್ನ ಮೂರು ಗಂಟೆಗೆ ಎರಡನೆಯ ಸಲ ಎಣಿಸಿ ಮುಗಿಸಿ ಅಧಿಕಾರಿ ಕನ್ನಡಕ ಏರಿಸಿಕೊಂಡು ಓದಿದರು: ಮೇಸ್ತ್ರಿ ಏಳು ಮತಗಳಿಂದ ಗೆದ್ದಿದ್ದರು. ಕಾರ್ಯದರ್ಶಿ ಮೇಸ್ತ್ರಿಯನ್ನು ಎತ್ತಲು ಹೋಗಿ ಬೆನ್ನು ಹಿಡಿಸಿಕೊಂಡ. ನಾಲ್ಕು ಸಲದ ಸೋಲಿನ ಮೇಲಿನ ಗೆಲುವು; ಪಕ್ಷದ ಮುದುಕರು ಕಣ್ಣೊರೆಸಿಕೊಂಡರು.

ಮಾರನೆಯ ಬೆಳಗ್ಗೆ ಭಾವಮೈದ ಮನೆಯಲ್ಲಿದ್ದ. ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಬೀಗುತ್ತಿದ್ದ.

"ಭಾವ, ಈಗ ಹೇಳ್ತೀನಿ ಕೇಳಿ. ಏಳು ವೋಟಲ್ಲಿ ಗೆದ್ರು ಅಂತ ಎಲ್ಲ ನಿಮ್ಮನ್ನ ಹೊಗಳ್ತಿದಾರೆ. ಗೆಲ್ಲಿಸಿದ್ದು ಯಾರು ಗೊತ್ತಾ? ನಾವು! ಹನ್ನೊಂದು ಜನ ವ್ಯಾನ್ ಮಾಡ್ಕೊಂಡು ಬಂದು, ಡಿಪೋ ಬೂತಲ್ಲಿ ಹಾಕಿ, ಮಧ್ಯಾಹ್ನದ ಪಾಳಿಗೆ ವಾಪಸ್!"

ಮೇಸ್ತ್ರಿ ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟರು. "ಹೆಸರು ತೆಗೆಸಿದೀನಿ ಅಂದಿದ್ದೆ."

"ತೆಗೆಸ್ಬೇಕು ಅಂತಲೇ ಇದ್ದೆ. ಆಮೇಲೆ ನೀವು ನಿಂತ್ರಲ್ಲ!"

"ಆ ಹತ್ತು ಜನದ್ದೂ?"

"ಎಲ್ಲರದ್ದೂ. ಒಂದು ವೋಟೂ ಆ ಕಡೆ ಹೋಗಿಲ್ಲ, ನನ್ನ ತಲೆಯಾಣೆ."

ಒಲೆಯ ಮುಂದೆ ನಿಂತಿದ್ದ ಹೆಂಡತಿ ತಿರುಗಿ ನೋಡಿದರು. ಮೇಸ್ತ್ರಿ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿ, ಅರ್ಧ ಬಿಚ್ಚಿಟ್ಟ ಯಂತ್ರದ ಮುಂದೆ ಕೂತರು. ಸೂಜಿಯ ಕಂಬಿ ಎಷ್ಟು ಸಲ ಕೂರಿಸಿದರೂ ಕೂರಲಿಲ್ಲ. ಹನ್ನೊಂದರಲ್ಲಿ ಏಳು ಕಳೆದರೆ ಏನುಳಿಯುತ್ತದೆ ಎಂಬುದು ಮೂರನೆಯ ತರಗತಿಯ ಮಗುವಿಗೂ ಗೊತ್ತು. ಮನೆಮನೆಗೆ ಹೋಗಿ ಯಾವುದನ್ನು ಮೋಸ ಎಂದು ಸಾರಿದ್ದೋ ಅದರ ಮೇಲೇ ಈಗ ತಾನು ನಿಂತದ್ದು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ನಾಳೆ ಸಭೆಯಲ್ಲಿ ಎದ್ದುನಿಂತು ಪಟ್ಟಿ ಶುದ್ಧವಾಗಲಿ ಎನ್ನಬೇಕಾದ ನಾಲಿಗೆ ಇದೇ ತಾನೇ? ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಅವರ ಮನಸ್ಸು ಗಟ್ಟಿಯಾಗಿತ್ತು.

ಕಾರ್ಯದರ್ಶಿಗೆ ಹೇಳಿದಾಗ ಅವನು ಅಂಗಡಿಯ ಸ್ಟೂಲಿನ ಮೇಲೆ ಕುಸಿದ. "ಮೇಸ್ತ್ರಿ, ತಲೆ ನೆಟ್ಟಗಿದೆಯಾ? ಅವರ ಕಡೆ ಇಂಥೋರು ಇಲ್ಲ ಅಂತೀರಾ? ನೀವೇ ಕೊಟ್ರಲ್ಲ, ಮುನ್ನೂರು ಹೆಸರು!"

"ಆ ಮುನ್ನೂರರಲ್ಲಿ ಯಾರು ಬಂದು ಹಾಕಿದ್ರೋ ನನಗೆ ಗೊತ್ತಿಲ್ಲ. ಇವರು ಹನ್ನೊಂದು ಜನ ಹಾಕಿದ್ದು ಗೊತ್ತು."

"ಸಭೆಗೆ ಹೋಗಿ, ಕಾನೂನು ಮಾಡಿ, ಆಮೇಲೆ ಎಲ್ಲಾನೂ ಸರಿ ಮಾಡಿ. ಯಾರು ಬೇಡ ಅಂದ್ರು?"

"ತಪ್ಪು ದಾರವನ್ನ ಮೊದಲ ಹೊಲಿಗೆಯಲ್ಲೇ ಬಿಚ್ಚಬೇಕಪ್ಪ. ಅಂಗಿ ಪೂರ್ತಿ ಆದ ಮೇಲೆ ಬಿಚ್ಚೋಕೆ ಹೋದ್ರೆ ಬಟ್ಟೆ ಹರಿಯುತ್ತೆ."

ಕಾರ್ಯದರ್ಶಿ ಬಾಗಿಲು ದಡಾರನೆ ಹಾಕಿಕೊಂಡು ಹೋದ.

ಮನೆಯಲ್ಲಿ ಮಾತು ಅಷ್ಟು ಸಲೀಸಾಗಿರಲಿಲ್ಲ. ತಾಯಿ ತೀರಿಕೊಂಡಾಗ ತಮ್ಮನಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅವನನ್ನು ಸಾಕಿ ಬೆಳೆಸಿದ್ದು ಆಕೆಯೇ. ದೂರು ಕೊಟ್ಟರೆ ಅವನ ಮೇಲೆ ಕೇಸು, ದಂಡ. ಹೆಚ್ಚುಕಡಿಮೆಯಾದರೆ ಕೆಲಸಕ್ಕೂ ಕುತ್ತು.

"ಅವನು ನನ್ನ ತಮ್ಮ ಕಣ್ರೀ," ಎಂದರು ಹೆಂಡತಿ.

"ಅದಕ್ಕೇ ನಿನ್ನನ್ನ ಕೇಳದೆ ಕಾಗದ ಬರೆದಿಲ್ಲ."

"ಬೇಡ ಅಂದ್ರೆ ಬಿಡ್ತೀರಾ?"

"ಬಿಡೋಕಾಗಲ್ಲ. ಆದ್ರೆ ನಿನಗೆ ಗೊತ್ತಿಲ್ದ ಹಾಗೆ ಮಾಡೋಕೂ ಆಗಲ್ಲ."

ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡರು. "ಮೂರು ದಿನ ಕೊಡಿ. ಅವನೇ ಬಂದು ಹೇಳಿದ್ರೆ ಶಿಕ್ಷೆ ಕಡಿಮೆ ಆಗ್ಬಹುದು. ನಾನು ಕೇಳ್ತೀನಿ."

ಅಷ್ಟರಲ್ಲಿ ಅವನು ಪಕ್ಕದ ರಾಜ್ಯಕ್ಕೆ ಹೊರಟುಹೋಗಿದ್ದ. ಆಕೆ ರಜೆ ಹಾಕಿ, ಐದು ಗಂಟೆ ಬಸ್ಸಿನಲ್ಲಿ ಕೂತು, ಅವನ ಗ್ಯಾರೇಜಿನ ಗೇಟಿನ ಮುಂದೆ ನಿಂತರು. ಅವನು ಎಣ್ಣೆಗೈಯಲ್ಲೇ ಹೊರಗೆ ಬಂದು ಎಲ್ಲವನ್ನೂ ಕೇಳಿದ. "ಭಾವನಿಗೆ ಒಳ್ಳೇದು ಮಾಡೋಕೆ ಬಂದಿದ್ದಕ್ಕೆ ನನ್ನನ್ನೇ ಕಟಕಟೆ ಹತ್ತಿಸ್ತಾರಾ? ಇನ್ಮೇಲೆ ನನಗೆ ಅಕ್ಕನೂ ಇಲ್ಲ, ಭಾವನೂ ಇಲ್ಲ" ಎಂದು ಒಳಗೆ ಹೋದ. ಹೆಂಡತಿ ಮನೆಗೆ ಬಂದು ಮುಖ ತೊಳೆದು, "ಎಲ್ಲಿ ಕಾಗದ?" ಎಂದರು. ಮೇಸ್ತ್ರಿ ಬರೆದದ್ದನ್ನು ಓದಿ, ಕೆಂಪು ಪೆನ್ನು ತೆಗೆದು ಆರು ಕಡೆ ಕಾಗುಣಿತ ತಿದ್ದಿದರು. "ಸತ್ಯ ಹೇಳೋಕೆ ಹೊರಟೋರು ಒತ್ತಕ್ಷರನಾದ್ರೂ ಸರಿಯಾಗಿ ಹಾಕಿ" ಎಂದರು. ಮೇಸ್ತ್ರಿ ಅದನ್ನು ಶುದ್ಧವಾಗಿ ಮತ್ತೊಮ್ಮೆ ಬರೆದರು.

ಚುನಾವಣಾಧಿಕಾರಿ ಆ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಬೀರು ತೆಗೆದು ಅರ್ಜಿಗಳ ಕಟ್ಟನ್ನೆಲ್ಲ ಹುಡುಕಿದರು.

"ನೋಡಿ, ಸೋತವರು ದೂರು ಕೊಡೋಕೆ ನಮೂನೆ ಇದೆ. ಗೆದ್ದವರು ಕೊಡೋಕೆ ಇಲ್ಲ."

"ಸೋತವರದ್ದೇ ಕೊಡಿ. ಒಂದು ಪದ ಹೊಡೆದು ಹಾಕ್ತೀನಿ."

"ಸ್ವಾಮಿ, ಇನ್ನೊಂದು ಸಲ ಯೋಚನೆ ಮಾಡಿ. ಮತಪತ್ರದ ಮೇಲೆ ಹೆಸರಿರಲ್ಲ. ಆ ಹನ್ನೊಂದನ್ನ ಮಾತ್ರ ಹೆಕ್ಕಿ ತೆಗೆಯೋಕೆ ಆಗಲ್ಲ. ವಿಚಾರಣೇಲಿ ನಿಜ ಅಂತಾದ್ರೆ ಆ ಬೂತಿನ ಮತದಾನ ಪೂರ್ತಿ ರದ್ದು. ಅಲ್ಲಿ ಮತ್ತೆ ಚುನಾವಣೆ. ನೀವು ಸೋಲಬಹುದು."

"ಗೆಲ್ಲಲೂಬಹುದಲ್ಲ?" ಎಂದು ಮೇಸ್ತ್ರಿ ರುಜು ಹಾಕಿದರು.

ಸುದ್ದಿ ಹಬ್ಬಿದ್ದೇ ತಡ, ಅಂಗಡಿಯ ಮುಂದೆ ಜನ ಸೇರಿದರು. ಕೆಲವರು ಕೈಕುಲುಕಿದರು. ಹೆಚ್ಚಿನವರು ಉಗಿದರು, ಮೇಸ್ತ್ರಿಗಾಗಿ ಬಿಸಿಲಲ್ಲಿ ಅಲೆದು ಕಾಲು ಸವೆಸಿದವರೇ ಉಗಿದರು. "ನಮ್ಮ ಬೆವರಿಗೆ ಬೆಲೆ ಇಲ್ವಾ?" ಎಂದು ಒಬ್ಬ ಬಡಗಿ ಕೇಳಿದ. ಮೇಸ್ತ್ರಿಗೆ ಆ ಮಾತು ಚುಚ್ಚಿತು. "ಇದೆ. ಅದಕ್ಕೇ ಅದರಲ್ಲಿ ನೀರು ಬೆರೆಸೋದು ಬೇಡ ಅಂತ" ಎಂದರು. ಬಡಗಿಗೆ ಸಮಾಧಾನವಾಗಲಿಲ್ಲ.

ವಿಚಾರಣೆಯ ಮೊದಲ ದಿನ ಭಾವಮೈದ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಕೊನೆಯ ದಿನ ಕಚೇರಿ ಮುಚ್ಚುವ ಅರ್ಧ ಗಂಟೆಗೆ ಮೊದಲು ಹನ್ನೊಂದೂ ಜನ ಅದೇ ವ್ಯಾನಿನಲ್ಲಿ ಬಂದಿಳಿದರು. ಭಾವಮೈದ ಯಾರ ಮುಖವನ್ನೂ ನೋಡದೆ ಅಧಿಕಾರಿಯ ಮುಂದೆ ನಿಂತು, "ಇವರನ್ನೆಲ್ಲ ಕರ್ಕೊಂಡು ಬಂದಿದ್ದು ನಾನು. ಭಾವನಿಗೆ ಗೊತ್ತಿರ್ಲಿಲ್ಲ" ಎಂದ. ಎಲ್ಲರಿಗೂ ದಂಡ ಬಿತ್ತು. ಹೆಸರುಗಳು ಪಟ್ಟಿಯಿಂದ ಹೋದವು. ಹೊರಗೆ ಅಕ್ಕ ಮುಂದೆ ಬಂದಾಗ ಅವನು ಪಕ್ಕಕ್ಕೆ ಸರಿದು ವ್ಯಾನು ಹತ್ತಿದ.

ಡಿಪೋ ಬೂತಿನ ಮರುಮತದಾನಕ್ಕೆ ಹದಿನೈದು ದಿನದ ಸಮಯವಿತ್ತು. ಪಕ್ಷ ಕೈಕಟ್ಟಿ ಕೂತಿತು. ಮೇಸ್ತ್ರಿ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಒಬ್ಬರೇ ಸುತ್ತಿದರು. ಸಂಜೆ ಶಾಲೆ ಬಿಟ್ಟ ಮೇಲೆ ಹೆಂಡತಿ ಜೊತೆಯಾದರು. ಅದುವರೆಗೆ ಆಕೆ ಒಂದು ಮನೆಯ ಬಾಗಿಲನ್ನೂ ತಟ್ಟಿರಲಿಲ್ಲ. "ನಿಮ್ಮ ಕರದ ಮಾತು ನನಗಿನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಆದ್ರೆ ನಿಮ್ಮನ್ನ ನಂಬಿ ಅಂತ ಜನಕ್ಕೆ ಹೇಳಬಲ್ಲೆ" ಎಂದರು. ಹೆಂಡತಿ ಹಿಂದೊಮ್ಮೆ ಕೇಳಿದ್ದ ಪ್ರಶ್ನೆಯನ್ನು ಡಿಪೋದ ಕಂಡಕ್ಟರೊಬ್ಬ ಕೇಳಿಯೇಬಿಟ್ಟ: ಸೂರಿಗೂ ದುಡ್ಡು ಉಳಿಯದಿದ್ದರೆ? ಮೇಸ್ತ್ರಿ ಈ ಸಲ ತಡವರಿಸಲಿಲ್ಲ. "ಆಗ ನಿಮ್ಮ ಮುಂದೆ ಬಂದು ಕೇಳ್ತೀನಿ. ಇಷ್ಟು ಬೇಕು, ಇದಕ್ಕೇ ಬೇಕು, ಇಂಥ ದಿನಕ್ಕೆ ಮುಗಿಯುತ್ತೆ ಅಂತ ಹೇಳಿ ಕೇಳ್ತೀನಿ. ಹಾಗೆ ಕೇಳಿದ್ರೆ ಜನ ಕೊಡ್ತಾರೆ. ಕೇಳದೆ ತಗೊಂಡ್ರೆ ಮಾತ್ರ ನಾನು ಜಗಳಕ್ಕೆ ಬರೋದು."

ಮರುಮತದಾನದಲ್ಲಿ ಅವರು ಸೋತರು. ಒಟ್ಟು ಲೆಕ್ಕದಲ್ಲಿ ಡಾಕ್ಟರಮ್ಮನಿಗೆ ಇಪ್ಪತ್ತಮೂರು ಮತ ಹೆಚ್ಚು. ಎಣಿಕೆಯ ಕೋಣೆಯಲ್ಲಿ ಕಾರ್ಯದರ್ಶಿ ಗೋಡೆಗೆ ಮುಖ ಮಾಡಿ ನಿಂತ. ಮೇಸ್ತ್ರಿ ನೆಟ್ಟಗೆ ನಡೆದು ಹೋಗಿ ಡಾಕ್ಟರಮ್ಮನ ಕೈಕುಲುಕಿದರು.

"ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಆ ಕಾಗದ ಕೊಡ್ತಿದ್ನೋ ಇಲ್ವೋ, ಗೊತ್ತಿಲ್ಲ ಮೇಸ್ತ್ರಿ," ಎಂದರು ಆಕೆ.

"ಈಗ ಇದೀರಲ್ಲ ಅಮ್ಮ. ಆ ಕಸುಬು ಕರದ ಅರ್ಜಿ ನಾಳೆ ನಿಮ್ಮ ಮೇಜಿನ ಮೇಲಿರುತ್ತೆ."

ನಾಳೆಯಲ್ಲ, ನಾಲ್ಕು ತಿಂಗಳಾಯಿತು. ಆದರೆ ಅರ್ಜಿಯ ಕೆಳಗೆ ಒಂಬೈನೂರು ಅಂಗಡಿಯವರ ರುಜು ಇತ್ತು. ಕ್ಷೌರದವರು, ಚಪ್ಪಲಿ ಹೊಲಿಯುವವರು, ಗಡಿಯಾರದವರು, ಜೊತೆಗೆ ಮುಖ ತಿರುಗಿಸಿಕೊಂಡಿದ್ದ ಆ ಬಡಗಿ ಕೂಡ. ಡಾಕ್ಟರಮ್ಮ ಅದನ್ನು ಸಭೆಯಲ್ಲಿ ಓದಿದರು. ಮರುವರ್ಷದ ಬಜೆಟ್ಟಿನಲ್ಲಿ ಒಂದೇ ಕೋಣೆಯ ಅಂಗಡಿಗಳಿಗೆ ಕರ ಅರ್ಧವಾಯಿತು. ಮೇಸ್ತ್ರಿ ಕೇಳಿದ್ದು ಪೂರ್ತಿ ಮನ್ನಾ. "ಅರ್ಧ ಬಂತು, ಇನ್ನರ್ಧ ಬಾಕಿ" ಎಂದು ಹೊಸ ಅರ್ಜಿ ಶುರುಮಾಡಿದರು. ಕಾರಂಜಿಯನ್ನು ಡಾಕ್ಟರಮ್ಮ ನಿಲ್ಲಿಸಲಿಲ್ಲ. ಶಾಲೆಯ ಸೂರನ್ನು ಮಾತ್ರ ಹಾಕಿಸಿಕೊಟ್ಟರು.

ಮತದಾರರ ಪಟ್ಟಿಯ ಕೆಲಸವೂ ನಡೆಯಿತು. ಗೆದ್ದವನೇ ದೂರು ಕೊಟ್ಟ ಸುದ್ದಿ ರಾಜ್ಯವೆಲ್ಲ ಹಬ್ಬಿದ್ದರಿಂದ ಸರ್ಕಾರ ಸುಮ್ಮನಿರುವ ಹಾಗಿರಲಿಲ್ಲ. ಪಟ್ಟಿ ಶುದ್ಧಿಗೆ ಆದೇಶ ಹೊರಟಿತು, ಗುಮಾಸ್ತರಿಗೆ ಹುರುಪು ಹತ್ತಿತು. ಒಂದು ದಿನ ಮಧ್ಯಾಹ್ನ ಕಾಜಾ ಅಜ್ಜಿ ಅಂಗಡಿಗೆ ನುಗ್ಗಿದಳು. ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿದುಕೊಡುತ್ತಿದ್ದ ಎಪ್ಪತ್ತೆಂಟರ ಮುದುಕಿ ಅವಳು. ಕೈಯಲ್ಲಿ ಒಂದು ಕಾಗದ.

"ಏನೋ ಮೇಸ್ತ್ರಿ, ನಿನ್ನಿಂದ ನಾನು ಸತ್ತೆನಲ್ಲೋ!"

"ಏನಾಯ್ತಜ್ಜಿ?"

"ಪಟ್ಟಿಯಿಂದ ಹೊಡೆದು ಹಾಕಿದಾರೆ. ತೀರಿಕೊಂಡಿದಾರೆ ಅಂತ ಬರೆದಿದಾರೆ. ಹೋಗಿ ಕೇಳಿದ್ರೆ, ಬದುಕಿರೋದಕ್ಕೆ ದಾಖಲೆ ತನ್ನಿ ಅಂತಾನೆ ಆ ಪುಣ್ಯಾತ್ಮ. ನಾನೇ ಎದುರಿಗೆ ನಿಂತಿದೀನಿ ಕಣೋ ಅಂದೆ. ಅದು ಸಾಲದಂತೆ!"

ಅಂಗಡಿಯಲ್ಲಿದ್ದವರು ನಕ್ಕರು. ಮೇಸ್ತ್ರಿ ನಗಲಿಲ್ಲ. ವಿಚಾರಿಸಿ ನೋಡಿದರೆ ಅಜ್ಜಿಯಂಥವರು ಆ ಕ್ಷೇತ್ರದಲ್ಲೇ ನಲವತ್ತೇಳು ಜನರಿದ್ದರು. ಬಾಗಿಲು ತಟ್ಟದೆ, ಮುಖ ನೋಡದೆ, ಕಚೇರಿಯಲ್ಲೇ ಕೂತು ಹೊಡೆದು ಹಾಕಿದ ಹೆಸರುಗಳು. ಹೆಚ್ಚಿನವರು ಓದು ಬರಹವಿಲ್ಲದವರು, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುತ್ತಿದ್ದವರು. ಪಟ್ಟಿ ಶುದ್ಧವಾಗಲಿ ಎಂದದ್ದು ತಾನು. ಹೇಗೆ ಶುದ್ಧಮಾಡಬೇಕು ಎಂದು ಹೇಳಲು ಮರೆತವನೂ ತಾನೇ. ಅವರು ಆ ದಿನದಿಂದ ಪ್ರತಿ ಬುಧವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಇಬ್ಬರು ಮೂವರನ್ನು ಕರೆದುಕೊಂಡು ಕಚೇರಿಗೆ ಹೋದರು. ಸಾಲಿನಲ್ಲಿ ನಿಂತರು, ಅರ್ಜಿ ತುಂಬಿದರು, ಸಾಕ್ಷಿಯಾಗಿ ರುಜು ಹಾಕಿದರು. ಎಂಟು ತಿಂಗಳು ಹಿಡಿಯಿತು. ನಲವತ್ತಾರು ಹೆಸರು ವಾಪಸ್ಸು ಬಂದವು. ನಲವತ್ತೇಳನೆಯವರು ಅಷ್ಟರಲ್ಲಿ ನಿಜವಾಗಿಯೇ ತೀರಿಕೊಂಡಿದ್ದರು. ಮೇಸ್ತ್ರಿ ಆ ಮನೆಗೂ ಹೋಗಿ ಬಂದರು.

ಒಂದೂವರೆ ವರ್ಷದ ಮೇಲೆ ಭಾವಮೈದ ಬಂದ. ಅಕ್ಕ ಬಾಗಿಲು ತೆರೆದು, ಅವನ ಕೆನ್ನೆ ಸವರಿದರು. ಅವನು ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತ. "ಅಲ್ಲಿ ಹೆಸರು ಸೇರಿಸಿದೆ ಭಾವ. ಮೊನ್ನೆ ಮೊದಲ ಸಲ ಹಾಕ್ದೆ."

"ಯಾರಿಗೆ?"

"ಅದನ್ನ ಹೇಳಬಾರದಲ್ವಾ?"

ಮೇಸ್ತ್ರಿ ಜೋರಾಗಿ ನಕ್ಕರು. ಬಹಳ ದಿನವಾಗಿತ್ತು ಅವರು ಹಾಗೆ ನಕ್ಕು.

ಮುಂದಿನ ಚುನಾವಣೆಗೆ ಪಕ್ಷ ಟಿಕೆಟ್ ಕೊಡಲು ಹಿಂದುಮುಂದು ನೋಡಿತು. ಗೆದ್ದದ್ದನ್ನು ಬಿಟ್ಟುಕೊಟ್ಟ ಮನುಷ್ಯನನ್ನು ನಂಬುವುದು ಹೇಗೆ ಎಂದರು ಕೆಲವರು. "ಬಿಟ್ಟುಕೊಟ್ಟವನನ್ನೇ ಜನ ನಂಬ್ತಾರೆ, ಊರೆಲ್ಲ ಕೇಳಿ ನೋಡಿ" ಎಂದು ವಾದಿಸಿದವನು ಆ ಬಿಳಿ ಅಂಗಿಯ ಕಾರ್ಯದರ್ಶಿಯೇ. ಡಾಕ್ಟರಮ್ಮ ವಯಸ್ಸಾಯಿತೆಂದು ನಿಲ್ಲಲಿಲ್ಲ. ಮೇಸ್ತ್ರಿ ಸಾವಿರದ ಇನ್ನೂರು ಮತಗಳಿಂದ ಗೆದ್ದರು. ಪ್ರಮಾಣ ವಚನಕ್ಕೆ ಮೊದಲು ಹೆಂಡತಿಯನ್ನು ಕೂರಿಸಿಕೊಂಡು ಡಿಪೋ ಬೂತಿನ ಪಟ್ಟಿಯನ್ನು ಇನ್ನೊಂದು ಸಲ ಓದಿದರು. ಶನಿವಾರ ಅಂಗಡಿ ತೆರೆಯುವುದನ್ನು ಬಿಡಲಿಲ್ಲ.

ಸಭೆಯಲ್ಲಿ ಅವರು ತಂದ ಮೊದಲ ತಿದ್ದುಪಡಿ ಎರಡೇ ಸಾಲಿನದು: ಯಾವ ಮತದಾರನ ಹೆಸರನ್ನು ತೆಗೆಯುವುದಕ್ಕೂ ಮೊದಲು ಮನೆಗೆ ಹೋಗಿ ಎರಡು ಸಲ ಬಾಗಿಲು ತಟ್ಟತಕ್ಕದ್ದು, ತಟ್ಟಿದವರು ಹೆಸರು ಬರೆದು ರುಜು ಹಾಕತಕ್ಕದ್ದು. ಅವರ ಪಕ್ಷದವರಿಗೇ ಅದು ಹಿಡಿಸಲಿಲ್ಲ. ಖರ್ಚು ತಗ್ಗಿಸಿ ಎನ್ನುವವರು ಖರ್ಚು ಹೆಚ್ಚಿಸಿ ಎನ್ನಬಹುದೇ ಎಂದು ಕೊಂಕು ತೆಗೆದರು. ಇದು ಇರುವ ಪಟ್ಟಿಯನ್ನು ಸರಿಯಾಗಿಡುವ ಖರ್ಚು, ಇದಕ್ಕೆ ಎಷ್ಟು ಬೇಕು, ಎಲ್ಲಿಂದ ಬರುತ್ತದೆ ಎನ್ನುವುದು ಈ ಹಾಳೆಯಲ್ಲಿದೆ ಎಂದು ಮೇಸ್ತ್ರಿ ಒಂದು ಕಾಗದ ಹಿಡಿದು ತೋರಿಸಿದರು. ತಿದ್ದುಪಡಿ ಒಂಬತ್ತು ಮತಗಳಿಂದ ಬಿದ್ದುಹೋಯಿತು. ಅವರು ಕಾಗದವನ್ನು ಮಡಚಿ ಜೇಬಿಗಿಟ್ಟು, ಯಾರು ಯಾರು ವಿರುದ್ಧ ಕೈಯೆತ್ತಿದರೆಂದು ಬರೆದುಕೊಂಡರು. ಅಧಿವೇಶನಗಳ ನಡುವಿನ ಬಿಡುವಿನಲ್ಲಿ ಆ ಒಬ್ಬೊಬ್ಬರ ಊರಿಗೂ ಹೋಗಿ, ಎದುರು ಕೂತು, ಕಾಜಾ ಅಜ್ಜಿಯ ಕಥೆ ಹೇಳಿದರು. ಮುಂದಿನ ಅಧಿವೇಶನದಲ್ಲಿ ಅದೇ ಎರಡು ಸಾಲನ್ನು ಮತ್ತೆ ತಂದರು. ಆ ಸಲ ಬಿದ್ದದ್ದು ಎರಡೇ ಮತದಿಂದ. ಮೂರನೆಯ ಸಲಕ್ಕೆ ಅದು ಕಾನೂನಾಯಿತು.